ಹೆಸರು ಕೇಳಿ ಸರಿಸಿದ ತಟ್ಟೆ

ಕಳೆದ ವರ್ಷದ ವಸಂತದಲ್ಲಿ ನಾವು ಜಪಾನಿನ ಯೊಕೊಹಾಮದಲ್ಲಿರುವ ಮಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆವು. ಒಂದು ಸಂಜೆ ಒಂಬತ್ತು ವರ್ಷದ ಮೊಮ್ಮಗಳು ತಟ್ಟೆಯೊಂದನ್ನು ತಂದು ಮುಂದಿಟ್ಟು, "ಅಜ್ಜಾ, ನಿಮಗಂತ ಸುಶಿ ಮಾಡೇನಿ" ಎಂದಳು. ಆ ಹೆಸರು ಕಿವಿಗೆ ಬಿದ್ದೊಡನೆ ನಾವು, "ಮೀನಿನ ಪದಾರ್ಥ ನಮಗೆ ಬೇಡವ್ವಾ" ಎಂದು ತಟ್ಟೆಯನ್ನು ಸರಿಸಿಬಿಟ್ಟೆವು. ಮಗುವಿನ ಕಣ್ಣು ತುಂಬಿತು. "ಮೀನಿಲ್ಲ ಅಜ್ಜಾ, ನೋಡ್ರಿ, ಎಲ್ಲಾ ಹಣ್ಣ ಅದಾವ" ಎಂದಳು. ನೋಡಿದರೆ, ಅನ್ನದ ಪುಟ್ಟ ಉಂಡೆಗಳ ಮೇಲೆ ಸ್ಟ್ರಾಬೆರಿ, ಕಿವಿ, ಕಿತ್ತಳೆಯ ಹೋಳುಗಳು ಒಪ್ಪವಾಗಿ ಕುಳಿತಿದ್ದವು.

ಮಗಳು ಮೆಲ್ಲನೆ ತಿಳಿಸಿದಳು. ಪೂರ್ವದಲ್ಲಿ ಮೀನನ್ನು ಅನ್ನದಲ್ಲಿ ಹುದುಗಿಸಿ ಕಾಪಿಡುತ್ತಿದ್ದರು. ಸುಶಿಯ ಮೂಲ ಅದೇ. ಆದರೆ ಇಂದು ಸುಶಿಗೆ ಮುಖ್ಯವಾದುದು ವಿನೆಗರ್, ಸಕ್ಕರೆ, ಉಪ್ಪು ಬೆರೆತ ಹುಳಿಯನ್ನ. ಬರಿಯ ಹಸಿಮೀನಿನ ಹೋಳುಗಳಿಗೆ ಸಶಿಮಿ ಎಂಬ ಬೇರೆಯೇ ಹೆಸರುಂಟು. ಸೌತೆಕಾಯಿಯನ್ನಷ್ಟೇ ಇಟ್ಟು ಸುತ್ತುವ ಸುಶಿಯೂ ಅಲ್ಲಿ ಮನೆಮಾತು. ಹಣ್ಣಿನದು ಮಾತ್ರ ಹಳೆಯ ಅಡುಗೆಯಲ್ಲ, ಆಕಾರವನ್ನಷ್ಟೇ ಎರವಲು ಪಡೆದ ಈಚಿನ ಸಿಹಿ. ಜೀವನವೆಲ್ಲ ಶಬ್ದಾರ್ಥ ಬೋಧಿಸಿದ ನಾವು ಒಂದು ಶಬ್ದದ ಅರ್ಥವನ್ನು ವಿಚಾರಿಸದೆ ತೀರ್ಪು ಕೊಟ್ಟಿದ್ದೆವು.

ಮರುದಿನ ಮೊಮ್ಮಗಳ ಪಕ್ಕದಲ್ಲಿ ನಿಂತು ಕಲಿತೆವು. ಅಲ್ಲಿಯ ಅಕ್ಕಿ ಗಿಡ್ಡಕಾಳಿನದು, ಬೆಂದಾಗ ಅಂಟುತ್ತದೆ. ನಮ್ಮಲ್ಲಿ ಅನ್ನ ಮುದ್ದೆಯಾಗುವುದೆಂದು ಗೃಹಿಣಿಯರು ದೂರುವ ಹೊಸ ಅಕ್ಕಿಯೇ ಇದಕ್ಕೆ ಒದಗೀತು. ಒಂದು ಬಟ್ಟಲು ಅಕ್ಕಿಯನ್ನು ತೊಳೆದು ಮೆತ್ತಗೆ ಬೇಯಿಸಬೇಕು. ಕಾಲು ಬಟ್ಟಲು ಗಟ್ಟಿ ತೆಂಗಿನಹಾಲಿಗೆ ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಬೆಚ್ಚಗೆ ಮಾಡಿ, ಬಿಸಿ ಅನ್ನಕ್ಕೆ ಬೆರೆಸಿ, ಬೀಸಣಿಗೆಯಿಂದ ಗಾಳಿ ಹಾಕುತ್ತ ಆರಿಸಬೇಕು. ಕೈಗೆ ನೀರು ಸವರಿಕೊಂಡು ಹೆಬ್ಬೆರಳುದ್ದದ ಉಂಡೆ ಕಟ್ಟಿ, ಮೇಲೆ ತೆಳುವಾದ ಹಣ್ಣಿನ ಹೋಳನ್ನು ಒತ್ತಿಡಬೇಕು. ನಮ್ಮ ಮಾವಿನಹಣ್ಣು ಇದಕ್ಕೆ ಬಹಳ ಚೆನ್ನ. ಬಾಳೆ, ಸೇಬು ಕಪ್ಪಾಗದಂತೆ ನಿಂಬೆರಸ ಸವರಬೇಕು. ತಂಪುಪೆಟ್ಟಿಗೆಯಲ್ಲಿಟ್ಟರೆ ಅನ್ನ ಗಡುಸಾಗುವುದರಿಂದ ಅಂದೇ ಮಾಡಿ ಅಂದೇ ತಿನ್ನುವುದು ಲೇಸು.

ಹಾಗೆಂದು ಹಣ್ಣು ಕಂಡಮಾತ್ರಕ್ಕೆ ನಂಬುವಂತೆಯೂ ಇಲ್ಲ. ಅಂಗಡಿಯಲ್ಲಿ ಕೊಳ್ಳುವ ಹಣ್ಣಿನ ಸಿಹಿಗಳಲ್ಲಿ ಜೆಲಟಿನ್ ಇರಬಹುದು. ಅದು ಪ್ರಾಣಿಗಳ ಎಲುಬು, ಚರ್ಮದಿಂದ ಬರುವಂಥದು. ಕಾಂಟೆನ್ ಎಂಬುದಾದರೆ ಕಡಲ ಸಸ್ಯದ್ದು, ನಮ್ಮಲ್ಲಿ ಚೈನಾ ಗ್ರಾಸ್ ಎಂದು ಕರೆಯುವ ವಸ್ತುವೇ. ತರಕಾರಿ ಪದಾರ್ಥಗಳಲ್ಲಿ ಕೂಡ ಒಣಮೀನಿನ ಸಾರು ಸೇರಿರುವುದುಂಟು. ಹೆಸರು ಕೇಳಿ ಹಳಿಯುವುದೂ ರೂಪ ನೋಡಿ ಒಪ್ಪುವುದೂ ಒಂದೇ ಬಗೆಯ ಅವಸರ. ಕೇಳಿ ತಿಳಿಯುವುದೊಂದೇ ದಾರಿ.

ಮಠದ ಪ್ರಸಾದನಿಲಯದಲ್ಲಿ ಬೆಳೆದ ನಾವು ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದಂತೆ ಉಣ್ಣಲು ಬಾಲ್ಯದಲ್ಲೇ ಕಲಿತವರು. ಅರವತ್ತು ದಾಟಿದ ಮೇಲೆ, ಮಗುವೊಂದು ತನ್ನ ಕೈಯಾರೆ ಮಾಡಿದ ಅನ್ನವನ್ನೇ ದೂರ ಸರಿಸಿದೆವು. ಆ ಸಂಜೆ ತಪ್ಪೊಪ್ಪಿಕೊಂಡು ತಟ್ಟೆ ಬರಿದಾಗುವವರೆಗೆ ತಿಂದೆವು. ಮೊಮ್ಮಗಳು ನಕ್ಕಳು. ದೂರದೇಶದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಬೇಡವೆನ್ನುವ ಮುನ್ನ, "ಇದೇನವ್ವಾ?" ಎಂದೊಮ್ಮೆ ಕೇಳಿರಿ.