ಕತ್ತಲೆಯ ಕೋಣೆ

ನಮ್ಮ ತಂದೆಯವರು ಕಟ್ಟಿಸಿದ ಹೆಂಚಿನ ಮನೆಯನ್ನು ಕಳೆದ ಬೇಸಗೆಯಲ್ಲಿ ದುರಸ್ತಿ ಮಾಡಿಸಹೊರಟೆನು. ಅಡಿಗೆಮನೆಯ ಗೋಡೆಯೊಂದನ್ನು ಕೆಡಹಬೇಕಾಗಿದ್ದಿತು. ಪ್ರತಿ ಯುಗಾದಿಗೂ ನಮ್ಮ ತಾಯಿಯವರು ಮಕ್ಕಳನ್ನು ನಿಲ್ಲಿಸಿ ಎತ್ತರವನ್ನು ಗುರುತಿಸಿದ ಸೀಸದಕಡ್ಡಿಯ ಗೆರೆಗಳು ಅದರ ಮೇಲಿದ್ದುವು. ಹಳೆಯ ಕ್ಯಾಮೆರಾ ಇದೆಯಲ್ಲ ಎಂಬ ಧೈರ್ಯದಿಂದ, ಮುಕ್ಕಾಲಿಯಿಟ್ಟು, ಬೆಳಕನ್ನಳೆದು, ೩೬ ಚಿತ್ರಗಳ ಸುರುಳಿಯಲ್ಲಿ ಮೊದಲ ೩೦ನ್ನು ಆ ಗೋಡೆಗೇ ಅರ್ಪಿಸಿದೆನು. ಉಳಿದುವನ್ನು, ಸುರುಳಿ ಮುಗಿಯಲೆಂದು, ಕಂಡಕಂಡ ಕಡೆಗೆ ತಿರುಗಿಸಿದೆನು. ಮರುದಿನ ಗೋಡೆ ಉರುಳಿತು.

ಫಿಲ್ಮು ತೊಳೆಯಲು ಬಚ್ಚಲಮನೆಯೇ ನನ್ನ ಕತ್ತಲೆಯ ಕೋಣೆ. ಮುದ್ರಿಸುವ ಕಾಗದವಾದರೆ ಕೆಂಪು ದೀಪವನ್ನು ಸಹಿಸೀತು. ಈ ಫಿಲ್ಮು ಅದನ್ನೂ ಸಹಿಸದು. ಕಿಂಡಿಗೆ ಕಂಬಳಿ ಹೊದಿಸಿ, ಡಬ್ಬಿಯ ಬಾಯಿಂದ ಫಿಲ್ಮನ್ನೆಳೆದು, ತಡವರಿಸುತ್ತ ರಾಟೆಗೆ ಸುತ್ತುತ್ತಿದ್ದೆನು. ಥಟ್ಟನೆ ನೆತ್ತಿಯ ಮೇಲೆ ಹಗಲಾಯಿತು. “ಕತ್ತಲಲ್ಲಿ ಏನೋ ಹುಡುಕುತ್ತಿದ್ದೀರಿ ಅಂತ ಒಂದು ಹೆಂಚು ಸರಿಸಿದೆ, ಸ್ವಾಮಿ” ಎಂದನು ಮೇಸ್ತ್ರಿ.

ಬಯ್ಯಲು ನಾಲಗೆ ಏಳಲಿಲ್ಲ. ಮೊದಲು ತೆಗೆದ ಚಿತ್ರವೇ ಡಬ್ಬಿಯಿಂದ ಮೊದಲು ಹೊರಬರುವುದು. ಗೋಡೆಯೆಲ್ಲ ಹೊರಗೆ ಬಂದಿದ್ದಿತು. ಆದರೂ ತೊಳೆದು ನೋಡಿದೆನು. ಬೆಳಕು ಬಿದ್ದುದೆಲ್ಲ ಇದ್ದಿಲಿನಂತೆ ಕಪ್ಪಾಗಿದ್ದಿತು. ಡಬ್ಬಿಯೊಳಗೇ ಉಳಿದಿದ್ದ ನಾಲ್ಕು ಚಿತ್ರಗಳು ಮಾತ್ರ ಬದುಕಿದ್ದುವು. ಒಂದರಲ್ಲಿ ಕರಣೆ ಹಿಡಿದ ಮೇಸ್ತ್ರಿ ನಗುತ್ತಿದ್ದಾನೆ. ಅವನ ಪಕ್ಕದಲ್ಲಿ, ಸೊಂಟದಿಂದ ಹೆಗಲವರೆಗೆ, ತುಸು ಮಸುಕಾಗಿ, ಅಮ್ಮನ ಗೆರೆಗಳು.

ಎರಡು ಪ್ರತಿಗಳನ್ನು ಮುದ್ರಿಸಿ ಒಂದನ್ನು ಅವನಿಗೆ ಕೊಟ್ಟೆನು. “ನನ್ನ ಮುಖ ಚೆನ್ನಾಗಿ ಬಿದ್ದಿದೆ” ಎಂದನು. ಅಹುದೆಂದೆನು.