ಅಕ್ಷರದ ಬೆನ್ನು

ಬರೆದ ಸಾಲನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಕೂರಿಸುವುದು ಕೆಲಸವಿಲ್ಲದವರ ಕೆಲಸ ಎನ್ನುವವರಿದ್ದಾರೆ. ನನಗೋ ಅದು ಅಕ್ಷರವನ್ನು ನೋಡಲು ಕಲಿಸುವ ಆಟ. ವರ್ಡ್‌ನಲ್ಲಿ ಟೆಕ್ಸ್ಟ್ ಬಾಕ್ಸ್ ಹಾಕಿ, ಫ್ಲಿಪ್ ಹಾರಿಜಾಂಟಲ್ ಒತ್ತಿ ನೋಡಿ: ಪೆಟ್ಟಿಗೆ ಮಗುಚಿದರೂ ಒಳಗಿನ ಅಕ್ಷರ ಮಿಸುಕುವುದಿಲ್ಲ. ಓದುವುದಕ್ಕೆಂದೇ ಇರುವ ವಸ್ತುವೆಂದು ತಂತ್ರಾಂಶ ಅದನ್ನು ಕಾಯುತ್ತದೆ. ಫಾರ್ಮ್ಯಾಟ್ ಶೇಪ್‌ಗೆ ಹೋಗಿ, ತ್ರೀ-ಡಿ ರೊಟೇಶನ್‌ನ ಎಕ್ಸ್ ಎದುರು 180 ಎಂದು ತುಂಬಿದಾಗ ಮಾತ್ರ ಅಕ್ಷರ ಬೆನ್ನು ತೋರಿಸುತ್ತದೆ. ಓದಿ ಪಳಗಿದ ಕಣ್ಣು ಅಕ್ಷರದ ಆಕಾರವನ್ನು ಗಮನಿಸುವುದನ್ನೇ ಬಿಟ್ಟಿರುತ್ತದೆ. ಈಗ ಅದು ತಡವರಿಸಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎ, ಎಚ್, ಎಂ, ಟಿ ಮೊದಲಾದವು ತಿರುವಿದರೂ ಹಾಗೇ ಇರುತ್ತವೆ. ಕನ್ನಡದಲ್ಲಿ ಸೊನ್ನೆ, ವಿಸರ್ಗ ಬಿಟ್ಟರೆ ಹೆಚ್ಚಿನವಕ್ಕೆ ಆ ಭಾಗ್ಯವಿಲ್ಲ. ತಲೆಕಟ್ಟಿನ ಕುಡಿ ಬಲಕ್ಕೆ ಏರುತ್ತದೆ, ದೀರ್ಘ ಬಲಕ್ಕೆ, ಅರ್ಕಾವೊತ್ತು ಬಲಕ್ಕೆ. ನಮ್ಮ ಲಿಪಿ ಇಷ್ಟೊಂದು ಬಲಕ್ಕೆ ವಾಲಿದೆಯೆಂಬುದು, ಅದೆಲ್ಲ ಎಡಕ್ಕೆ ಬಂದು ನಿಂತಾಗಲೇ ಕಣ್ಣಿಗೆ ಬೀಳುವುದು.

ತಿರುವುವುದೇ ಆದರೆ ಅಕ್ಷರಗಳ ಸರದಿಯನ್ನೇ ಹಿಂದುಮುಂದು ಮಾಡಬಾರದೇ, ಈ ಪೆಟ್ಟಿಗೆಯ ಉಸಾಬರಿ ಏಕೆ ಎಂದು ಕೇಳಬಹುದು. ಇದಕ್ಕೆ ‘ವಿಕಟಕವಿ’ಯೇ ಸಾಕ್ಷಿ. ಎತ್ತ ಕಡೆಯಿಂದ ಓದಿದರೂ ಅದು ವಿಕಟಕವಿಯೇ. ಆದರೆ ಯೂನಿಕೋಡ್‌ನಲ್ಲಿ ‘ವಿ’ ಎಂಬುದು ‘ವ’ ಮತ್ತು ಗುಡಿಸು ಎಂಬ ಎರಡು ಸಂಕೇತಗಳ ಜೋಡಿ. ಒಂದೊಂದೇ ಸಂಕೇತವನ್ನು ಹಿಂದಿನಿಂದ ಎತ್ತಿಡುವ ಸರಳ ಪ್ರೋಗ್ರಾಮಿಗೆ ಕೊಟ್ಟರೆ, ಕೊನೆಯ ಗುಡಿಸು ಅಕ್ಷರವಿಲ್ಲದೆ ಮೊದಲಿಗೇ ಬಂದು ಚುಕ್ಕಿಗಳ ವೃತ್ತಕ್ಕೆ ಜೋತುಬೀಳುತ್ತದೆ. ಇನ್ನೊಂದು ಗುಡಿಸು ಪಕ್ಕದ ‘ಕ’ದ ತಲೆಯೇರಿ ‘ವಕಟಕಿವ’ ಎಂದಾಗುತ್ತದೆ. ಕಾಗುಣಿತ ಗೊತ್ತಿರುವ ಮಗುವೂ ಮಾಡದ ತಪ್ಪು! ಕಾಗುಣಿತವನ್ನು ಒಡೆಯದೆ ಹಿಂದುಮುಂದು ಮಾಡುವ ಪ್ರೋಗ್ರಾಮನ್ನೂ ಬರೆಯಬಹುದು, ನಿಜ. ಆದರೂ ಅಲ್ಲಿ ಬದಲಾಗುವುದು ಪದವೇ ಹೊರತು ಆಕಾರವಲ್ಲ. ಪೆಟ್ಟಿಗೆಯಲ್ಲಿ ತಿರುವಿದ ಸಾಲಿನಲ್ಲಿ ಪದ ಇದ್ದಂತೆಯೇ ಇರುತ್ತದೆ: ಹುಡುಕಿದರೆ ಸಿಗುತ್ತದೆ, ತಪ್ಪಿದ್ದರೆ ತಿದ್ದಬಹುದು.

ಉಪಯೋಗದ ಮಾತಿಗೆ ಬಂದರೆ, ಅಚ್ಚಿನ ಕಸುಬು ನಿಂತದ್ದೇ ತಿರುವಿನ ಮೇಲೆ. ಮೊಳೆಯಲ್ಲಿ ಅಕ್ಷರ ತಿರುವಾಗಿದ್ದರೆ ತಾನೇ ಕಾಗದದ ಮೇಲೆ ನೆಟ್ಟಗೆ ಮೂಡುವುದು? 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ಕ್ಕೂ ಕಲ್ಲಿನ ಮೇಲೆ ತಿರುವು ಬರಹವೇ ಬೇಕಿತ್ತು. ಇಂದು ತಿಳಿಬಣ್ಣದ ಟೀ ಶರ್ಟಿಗೆ ಇಸ್ತ್ರಿಪೆಟ್ಟಿಗೆಯಿಂದ ಹೆಸರು ಅಂಟಿಸುವವರಿಗೂ ಅದೇ ಬೇಕು. ಅದಕ್ಕೆ ಎಷ್ಟೋ ಪ್ರಿಂಟರುಗಳಲ್ಲಿರುವ ಮಿರರ್ ಆಯ್ಕೆಯೇ ಸಾಕಲ್ಲವೇ ಎಂದರೆ, ಸಾಕು. ಅಷ್ಟರಮಟ್ಟಿಗೆ ಆಕ್ಷೇಪಣೆ ಸರಿ. ಆದರೆ ಆ ಆಯ್ಕೆ ಇಡೀ ಪುಟವನ್ನೇ ಮಗುಚುತ್ತದೆ. ನೆಟ್ಟಗಿನ ಸಾಲಿನ ಮಗ್ಗುಲಲ್ಲೇ ತಿರುವು ಸಾಲನ್ನು ಇಟ್ಟು, ಎರಡು ತಲೆಕಟ್ಟುಗಳು ಎದುರುಬದುರು ಕುಡಿ ಚಾಚಿದ್ದನ್ನು ನೋಡಬೇಕೆನ್ನುವವರಿಗೆ ಪೆಟ್ಟಿಗೆಯೇ ಗತಿ.