ಡೆಟ್ಟಿಫಾಸ್: ಉತ್ತರ ಸಿಗದ ದಂಡೆ

ಐಸ್‌ಲೆಂಡಿನ ಈಶಾನ್ಯದ ಈ ಬಯಲಿನಲ್ಲಿ ಮರವಿಲ್ಲ, ಊರಿಲ್ಲ. ಕಣ್ಣು ಹಾಯಿಸಿದಷ್ಟೂ ಕಪ್ಪು ಕಲ್ಲು, ಬೂದು ಮರಳು. ವಾಹನ ನಿಲ್ಲಿಸಿ ಕಾಲುದಾರಿ ಹಿಡಿದರೆ ಮೊದಲು ಕೇಳುವುದು ಮೊರೆತ, ಆಮೇಲೆ ಕಾಣುವುದು ಹೊಗೆಯಂತೆ ಏಳುವ ತುಂತುರು. ಅದೇ ಡೆಟ್ಟಿಫಾಸ್ ಜಲಪಾತ.

ಅಗಲ ಸುಮಾರು 100 ಮೀಟರ್, ಎತ್ತರ 45 ಮೀಟರ್ ಇರಬಹುದು. ಎತ್ತರ ಅಂಥದ್ದೇನಲ್ಲ, ರಭಸದಲ್ಲಿ ಮಾತ್ರ ಯೂರೋಪಿನ ಅತಿ ಬಲಶಾಲಿ ಜಲಪಾತಗಳಲ್ಲೊಂದು. ನೀರು ಸಿಮೆಂಟು ಕಲಸಿದಂತೆ ಬೂದು. ಮೇಲಿನ ವಟ್ನಯೋಕುಲ್ ಹಿಮನದಿ ಬಂಡೆಗಳನ್ನು ಹಿಟ್ಟಿನಂತೆ ಅರೆದು ನದಿಗೆ ಬಿಡುವುದೇ ಇದಕ್ಕೆ ಕಾರಣ. ನೀರಿನ ಬಣ್ಣದ ಪ್ರಶ್ನೆಗೆ ಹೀಗೆ ಉತ್ತರವಿದೆ.

ಉತ್ತರವಿಲ್ಲದ ಪ್ರಶ್ನೆಯೊಂದು 2012ರಲ್ಲಿ ಇಲ್ಲಿಗೆ ಬಂದು ಸೇರಿತು. ರಿಡ್ಲಿ ಸ್ಕಾಟ್ ನಿರ್ದೇಶನದ ‘ಪ್ರೊಮೀಥಿಯಸ್’ ಚಿತ್ರದ ಆರಂಭ ಈ ಜಲಪಾತದ ಅಂಚಿನಲ್ಲೇ. ಬಿಳಿಚಿದ ಮೈಯ ದೈತ್ಯನೊಬ್ಬ ಕಪ್ಪು ದ್ರವ ಕುಡಿಯುತ್ತಾನೆ. ದೇಹ ಛಿದ್ರವಾಗಿ ನೀರಿಗುರುಳುತ್ತದೆ. ಅದರ ಕಣಗಳಿಂದ ಹೊಸ ಜೀವ ಚಿಗುರುತ್ತದೆ. ಇದು ಭೂಮಿಯೇ? ಚಿತ್ರ ಹೇಳುವುದಿಲ್ಲ. ಭೂಮಿಯೇ ಆಗಬೇಕಿಲ್ಲ ಎಂದು ನಿರ್ದೇಶಕರೇ ಹೇಳಿದ್ದುಂಟು!

ಮೂಲ ಪ್ರಶ್ನೆ ಇನ್ನೂ ಹಳೆಯದು. ಇದೇ ಸ್ಕಾಟ್ 1979ರಲ್ಲಿ ತೆಗೆದ ‘ಏಲಿಯನ್’ನಲ್ಲಿ, ಪಾಳುಬಿದ್ದ ಅಂತರಿಕ್ಷ ನೌಕೆಯೊಳಗೆ ಕಲ್ಲಾಗಿಹೋದ ಬೃಹತ್ ದೇಹವೊಂದು ಆಸನದಲ್ಲಿ ಕುಳಿತಿರುತ್ತದೆ. ಯಾರದು? ಎಲ್ಲಿಗೆ ಹೊರಟಿತ್ತು? ಕಥೆ ಅಲ್ಲಿ ನಿಲ್ಲದೆ ಮುಂದೆ ಸಾಗುತ್ತದೆ. 33 ವರ್ಷಗಳ ನಂತರ ಬಂದ ಪೂರ್ವಕಥೆ ನಡೆದದ್ದು ಬೇರೊಂದು ಉಪಗ್ರಹದಲ್ಲಿ. ಆಸನದಲ್ಲಿದ್ದವನ ಗುರುತು ಹಾಗೇ ಉಳಿಯಿತು. ವಿಚಿತ್ರವಾಗಿ ಕಂಡಿದ್ದ ಆ ಜೀವಿಯ ರೂಪ ಬರಿಯ ಕವಚ, ಒಳಗಿರುವವನು ಬೋಳುತಲೆಯ ಮನುಷ್ಯಾಕೃತಿ ಎಂದಷ್ಟೇ ತಿಳಿಯಿತು. ನಿಜ ಹೇಳಬೇಕೆಂದರೆ, ತಿಳಿಯದಿದ್ದಾಗಲೇ ಭಯ ಹೆಚ್ಚಿತ್ತು.

ಮನುಷ್ಯರನ್ನು ಸೃಷ್ಟಿಸಿದವರೇ ಅವರನ್ನು ಕೊಲ್ಲಹೊರಟದ್ದೇಕೆ? ಇದನ್ನು ಕೇಳಲೆಂದೇ ನಾಯಕಿ ಎಲಿಜಬೆತ್ ಶಾ ಚಿತ್ರದ ಕೊನೆಯಲ್ಲಿ ಹೊರಡುತ್ತಾಳೆ. 2017ರ ‘ಏಲಿಯನ್: ಕವನೆಂಟ್’ ಬರುವ ವೇಳೆಗೆ ಅವಳು ಸತ್ತಿದ್ದಾಳೆ, ಅವಳು ಹುಡುಕಿ ಹೋದವರನ್ನು ಡೇವಿಡ್ ಎಂಬ ಯಂತ್ರಮಾನವ ಕೊಂದು ಮುಗಿಸಿದ್ದಾನೆ. ಕೇಳುವವಳೂ ಇಲ್ಲ, ಹೇಳುವವರೂ ಇಲ್ಲ. ಪ್ರೇಕ್ಷಕರು ಗೊಣಗಿದ್ದರಲ್ಲಿ ತಪ್ಪೇನಿದೆ? (ಚಿಕ್ಕ ಮಕ್ಕಳಿಗೆ ತೋರಿಸುವ ಚಿತ್ರಗಳಲ್ಲ ಇವು ಎಂಬುದು ಹೆತ್ತವರ ಗಮನಕ್ಕೆ.)

ಡೆಟ್ಟಿಫಾಸ್‌ಗೆ ಎರಡೂ ದಂಡೆಗಳಿಂದ ದಾರಿಯಿದೆ. ಪೂರ್ವದ ರಸ್ತೆ ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿಹೋಗುತ್ತದೆ. ತುಂತುರಿನಿಂದ ಬಂಡೆಗಳು ಜಾರುತ್ತವೆ, ಮಕ್ಕಳ ಕೈ ಬಿಡುವಂತಿಲ್ಲ. ಬೇಸಿಗೆಯ ರಾತ್ರಿ ಹತ್ತಕ್ಕೂ ಇಲ್ಲಿ ಬೆಳಕಿರುತ್ತದೆ. ದೈತ್ಯ ನಿಂತ ಕಲ್ಲು ಯಾವುದಿರಬಹುದೆಂದು ಹುಡುಕಲು ಸಮಯ ಸಾಕಷ್ಟು.